ಜಪಾನಿ ವಾಕ್ಯದ ನಡೆ

ವಳ್ಳೂರಿನಿಂದ ನಮ್ಮ ಶಾಲೆಗೆ ಬರುತ್ತಿದ್ದ ಹುಡುಗಿಯೊಬ್ಬಳು ಡಿಪ್ಲೊಮಾ ಮುಗಿಸಿ ಮೊನ್ನೆ ನನ್ನನ್ನು ಕಾಣಲು ಬಂದಿದ್ದಳು. 1997ರಲ್ಲಿ ಸ್ಥಾಪಿತವಾದ ಟೊಯೋಟಾ ಕಿರ್ಲೋಸ್ಕರ್ ಕಂಪನಿಯು ಬಿಡದಿಯಲ್ಲಿ ಕಾರು ತಯಾರಿಸತೊಡಗಿದ ಮೇಲೆ ಜಪಾನಿ ಭಾಷೆಯ ಹೆಸರು ನಮ್ಮ ಕಡೆಯ ಮಕ್ಕಳ ಕಿವಿಗೂ ಬಿದ್ದಿದೆಯಷ್ಟೆ. ಇವಳೂ ಒಂದು ತರಗತಿಗೆ ಸೇರಿದ್ದಳು. ಪಾಠವೆಲ್ಲ ಇಂಗ್ಲಿಷಿನ ಮೂಲಕ. "ಆ ಭಾಷೆಯಲ್ಲಿ ಮಾತೆಲ್ಲ ತಲೆಕೆಳಗಂತೆ, ಕನ್ನಡ ಮಾಧ್ಯಮದವರಿಗೆ ಕಷ್ಟವಂತೆ. ಬಿಟ್ಟುಬಿಡಲೇ ಮೇಷ್ಟ್ರೇ?" ಎಂದಳು.

ತಲೆಕೆಳಗು ಯಾರಿಗೆ? ಈ ಪತ್ರಿಕೆಯನ್ನು ಹಿಡಿದು ರೇಡಿಯೋ ಮುಂದೆ ಕುಳಿತ ತಾವೇ ನಿರ್ಣಯಿಸಿ. "ನಾನು ಮನೆಯಲ್ಲಿ ರೇಡಿಯೋವನ್ನು ಕೇಳುತ್ತೇನೆ" ಎಂಬುದು ಜಪಾನಿಯಲ್ಲಿ "ವತಶಿ ವ, ಉಚಿ ದೆ, ರಜಿಒ ಒ, ಕಿಕಿಮಸ್". ವತಶಿ ನಾನು, ಉಚಿ ಮನೆ, ದೆ ಎಂದರೆ ನಮ್ಮ 'ಅಲ್ಲಿ', ರಜಿಒ ರೇಡಿಯೋ, ಅದರ ಮುಂದಿನ ಒ ಎಂದರೆ 'ಅನ್ನು', ಕಿಕಿಮಸ್ ಕೇಳುತ್ತೇನೆ. ಒಂದು ಪದವನ್ನೂ ಅತ್ತಿತ್ತ ಸರಿಸಬೇಕಾಗಿಲ್ಲ. ಕರ್ತೃ, ಕರ್ಮ, ಕಡೆಗೆ ಕ್ರಿಯಾಪದ. ತಲೆಕೆಳಗಾಗುವುದು ಕ್ರಿಯೆಯನ್ನು ನಡುವೆ ತಂದು ನಿಲ್ಲಿಸುವ ಇಂಗ್ಲಿಷಿನವನಿಗೆ.

ಆ ಹುಡುಗಿಗೆ ಅವಳ ಊರಿನದೇ ವಾಕ್ಯ ಕೊಟ್ಟೆ: "ನಾನು ನಾಳೆ ವಳ್ಳೂರಿನಿಂದ ಮಧುಗಿರಿಗೆ ಬಸ್ಸಿನಲ್ಲಿ ಹೋಗುತ್ತೇನೆ." ಅವಳು ಪುಸ್ತಕ ನೋಡುತ್ತ ಬರೆದಳು: "ವತಶಿ ವ ಅಶಿತ ವಳ್ಳೂರು ಕರ ಮಧುಗಿರಿ ನಿ ಬಸು ದೆ ಇಕಿಮಸ್." ಕರ ಎಂಬುದು 'ಇಂದ', ನಿ ಎಂಬುದು 'ಗೆ'. ವಿಭಕ್ತಿ ಪ್ರತ್ಯಯವು ನಾಮಪದದ ಹಿಂದೆಯೇ ಬರಬೇಕೆಂಬ ನಿಯಮ ಅಲ್ಲಿಯೂ ಉಂಟು. (ಜಪಾನಿನವರ ಬಾಯಲ್ಲಿ ಳಕಾರ ಹೊರಳದು, ಆದ್ದರಿಂದ ವಳ್ಳೂರು ಅವರಲ್ಲಿ ಏನಾಗುವುದೋ ಆ ಮಾತು ಬೇರೆ.)

ಇನ್ನೂ ಸ್ವಾರಸ್ಯವಾದದ್ದುಂಟು. "ನಿನ್ನೆ ಕೊಂಡ ಪುಸ್ತಕ" ಎನ್ನುವುದಕ್ಕೆ ಅವರು "ಕಿನೋ ಕತ್ತ ಹೊನ್" ಎನ್ನುತ್ತಾರೆ. ವಿಶೇಷಣ ಎಷ್ಟು ಉದ್ದವಾದರೂ ನಾಮಪದಕ್ಕಿಂತ ಮುಂಚೆಯೇ. "ಬರುತ್ತೇನೆ ಎಂದು ಹೇಳಿದನು" ಎಂಬಲ್ಲಿಯ 'ಎಂದು' ಅವರಲ್ಲಿ ತೊ, ಅದರ ಸ್ಥಾನವೂ ನಮ್ಮಂತೆಯೇ. ನನಗೆ ನಗು ಬಂದದ್ದು "ತಬೆತೆ ಮಿತೆ ಕುದಸಾಯ್" ಎಂಬುದನ್ನು ಕಂಡಾಗ: "ತಿಂದು ನೋಡಿ!" ನಾಲಗೆಯ ಕೆಲಸವನ್ನು ಕಣ್ಣಿಗೆ ಒಪ್ಪಿಸುವ ಈ ನುಡಿ ನಮ್ಮ ಅಡುಗೆಮನೆಯದೇ ಎಂದು ನಾನು ತಿಳಿದಿದ್ದೆ.

ಹಾಗಾದರೆ ಎರಡೂ ದಾಯಾದಿ ಭಾಷೆಗಳೋ? ಅವಸರ ಬೇಡ. ಸುಸುಮು ಓನೊ (1919–2008) ಎಂಬ ಜಪಾನಿ ವಿದ್ವಾಂಸರು ತಮಿಳಿಗೂ ಜಪಾನಿಗೂ ನಂಟುಂಟೆಂದು ವಾದಿಸಿದರು. ಭಾಷಾಶಾಸ್ತ್ರಜ್ಞರಲ್ಲಿ ಹೆಚ್ಚಿನವರು ಒಪ್ಪಲಿಲ್ಲ. ನಡೆ ಒಂದೇ ಆದ ಮಾತ್ರಕ್ಕೆ ರಕ್ತ ಒಂದೇ ಆಗಬೇಕಾಗಿಲ್ಲ. ಟರ್ಕಿಯವರ ವಾಕ್ಯವೂ ಹೀಗೆಯೇ ನಡೆಯುತ್ತದೆ.

ಕನ್ನಡಿಗ ಎಡವುವ ಸ್ಥಳಗಳೂ ಇವೆ, ಮುಚ್ಚಿಡಲಾರೆ. ಮೊದಲನೆಯದು ವ. ಅದನ್ನು ಪ್ರಥಮಾ ವಿಭಕ್ತಿಯೆಂದು ಬಗೆದರೆ ಕೆಟ್ಟೆವು. "ಅಶಿತ ವ ಇಕಿಮಸೆನ್" ಎಂದರೆ "ನಾಳೆಯಾದರೆ ಹೋಗುವುದಿಲ್ಲ". ನಾಳೆ ಇಲ್ಲಿ ಕರ್ತೃವಲ್ಲ, ಮಾತಿನ ವಿಷಯ. ಕರ್ತೃವನ್ನು ಎತ್ತಿ ತೋರಿಸುವ ಪ್ರತ್ಯಯ ಗ ಎಂಬುದು ಬೇರೆ. ಇನ್ನು 'ಅಲ್ಲಿ' ಎಂದಲ್ಲೆಲ್ಲ ದೆ ಹಾಕುವಂತಿಲ್ಲ. ಮನೆಯಲ್ಲಿ ಕೆಲಸ ಮಾಡಿದರೆ ದೆ, ವಸ್ತು ಮನೆಯಲ್ಲಿ ಸುಮ್ಮನೆ ಇದ್ದರೆ ನಿ. ನಮ್ಮ ಕ್ರಿಯಾಪದದ ಬಾಲವೂ ಅಲ್ಲಿಲ್ಲ. ಬಂದೆನು, ಬಂದನು, ಬಂದಳು, ಬಂದರು, ಎಲ್ಲಕ್ಕೂ ಕಿಮಶಿತ ಒಂದೇ. ಆದರೂ ಕರ್ತೃವನ್ನು ಬಿಟ್ಟು ಮಾತನಾಡುತ್ತಾರೆ. ಯಾರು ಬಂದರೆಂಬುದನ್ನು ಸಂದರ್ಭದಿಂದ ಊಹಿಸಬೇಕು. ಮೂರು ಬಗೆಯ ಲಿಪಿಗಳ ಕಷ್ಟವನ್ನಂತೂ ಕನ್ನಡ ನೀಗಿಸಲಾರದು.

ಆದ್ದರಿಂದ ಅವಳಿಗೆ ಹೇಳಿದ್ದು ಇಷ್ಟು: ಇಂಗ್ಲಿಷ್ ವಾಕ್ಯವನ್ನು ಮೊದಲು ಕನ್ನಡಕ್ಕೆ ತಿರುಗಿಸಿಕೋ, ಆಮೇಲೆ ಪದದ ಮೇಲೆ ಪದ ಇಡು. ಬೆಂಗಳೂರಿನಲ್ಲಿ ನಡೆಯುವ ಜಪಾನಿ ಪರೀಕ್ಷೆಗೆ ಐದು ಮೆಟ್ಟಿಲುಗಳಿವೆ, ಕೆಳಗಿನದು ಎನ್-5. ಅರ್ಜಿ ಹಾಕುತ್ತೇನೆಂದು ಹೇಳಿ ಹೊರಟವಳು ಬಾಗಿಲಲ್ಲಿ ನಿಂತು, "ಸೆನ್ಸೇ, ಅಶಿತ ಮೊ ಕಿಮಸ್" ಎಂದಳು. ಮೇಷ್ಟ್ರೇ, ನಾಳೆಯೂ ಬರುತ್ತೇನೆ. ನಮ್ಮ 'ಊ' ಅವರಲ್ಲಿ ಮೊ.