ಘಟ್ಟ ಇಳಿದು ಕಡಲಿಗೆ

ಸಾಗರವೆಂಬ ಊರಿನಲ್ಲಿ ಸಾಗರವಿಲ್ಲ. ಕೆಳದಿಯ ಸದಾಶಿವ ನಾಯಕ ಕಟ್ಟಿಸಿದ ಸದಾಶಿವಸಾಗರವೆಂಬ ಕೆರೆಯಿಂದ ಊರಿಗೆ ಆ ಹೆಸರು ಬಂತೆನ್ನುತ್ತಾರೆ. ನಿಜವಾದ ಸಾಗರವನ್ನು ಕಾಣಬೇಕಾದರೆ ಅಲ್ಲಿನವರೂ ಹೊಸನಗರ, ತೀರ್ಥಹಳ್ಳಿಗಳವರಂತೆ ಘಟ್ಟ ಇಳಿಯಲೇಬೇಕು. ಮೂರು ಊರುಗಳಿಂದಲೂ ಕಡಲು ಹೆಚ್ಚು ಕಡಿಮೆ 90 ಕಿಲೋಮೀಟರ್ ದೂರ. ನಸುಕಿನಲ್ಲಿ ಬುತ್ತಿ ಕಟ್ಟಿಕೊಂಡು ಹೊರಟರೆ ರಾತ್ರಿಯ ಊಟಕ್ಕೆ ಮನೆ ಸೇರಬಹುದು. ಆದರೆ ಯಾವ ತೀರಕ್ಕೆ ಹೋಗುವುದು? ಹೆಸರು ಕೇಳಿ ಆರಿಸುವುದು ರೂಢಿ. ದಾರಿಯನ್ನೂ ನೀರನ್ನೂ ನೋಡಿ ಆರಿಸುವುದು ಜಾಣತನ.

ಸಾಗರದವರಿಗೆ ಶರಾವತಿಯೇ ದಾರಿ ತೋರಿಸುತ್ತಾಳೆ. ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟಿ, ಹೊಸನಗರದ ಸೀಮೆಯನ್ನು ಹಾದು, ಲಿಂಗನಮಕ್ಕಿಯಲ್ಲಿ ನಿಂತು, ಜೋಗದಲ್ಲಿ 253 ಮೀಟರ್ ಧುಮುಕಿ, ಆಕೆ ಹೊನ್ನಾವರದಲ್ಲಿ ಸಮುದ್ರ ಸೇರುತ್ತಾಳೆ. ಜೋಗ, ಗೇರುಸೊಪ್ಪೆಗಳ ಮೇಲಿನ ರಸ್ತೆಯೂ ಅಲ್ಲಿಗೇ ಮುಟ್ಟುತ್ತದೆ. ಊರಿನ ದಕ್ಷಿಣಕ್ಕೆ ಸೇತುವೆ ದಾಟಿದರೆ ಕಾಸರಕೋಡಿನ ತೀರ. 2020ರಲ್ಲಿ ಪಡುಬಿದ್ರಿಯೊಡನೆ ಅಂತರರಾಷ್ಟ್ರೀಯ ನೀಲಿ ಧ್ವಜದ ಮನ್ನಣೆ ಪಡೆದ ತೀರವಿದು. ನೀರಿನ ಶುಚಿತ್ವ, ಜೀವರಕ್ಷಕರ ಕಾವಲು ಇವೆಲ್ಲ ಆ ಮನ್ನಣೆಯ ನಿಬಂಧನೆಗಳು. ಮಕ್ಕಳೊಂದಿಗರು ಇದನ್ನು ಮೊದಲು ನೆನೆಯಬೇಕು.

ಹೊಸನಗರದವರು ನಗರ, ನಿಟ್ಟೂರುಗಳನ್ನು ಹಾದು, ನಾಗೋಡಿಯ ಘಾಟಿ ಇಳಿದು, ಕೊಲ್ಲೂರಿನಲ್ಲಿ ಮೂಕಾಂಬಿಕೆಯ ದರ್ಶನ ಮುಗಿಸಿ ಮರವಂತೆಗೆ ಹೋಗಬಹುದು. ಹೆದ್ದಾರಿಯ ಒಂದು ಮಗ್ಗುಲಲ್ಲಿ ಅರಬ್ಬೀ ಸಮುದ್ರ, ಇನ್ನೊಂದು ಮಗ್ಗುಲಲ್ಲಿ ಸೌಪರ್ಣಿಕಾ ನದಿ! ಆ ನೋಟಕ್ಕೆ ಕಣ್ಣೆರಡು ಸಾಲವು. ಆದರೆ ಅಲ್ಲಿಯ ಅಲೆಗಳು ಬಿರುಸು. ಮರವಂತೆಯನ್ನು ದಡದಲ್ಲಿ ಕುಳಿತು ಸವಿಯುವುದೇ ಕ್ಷೇಮ.

ತೀರ್ಥಹಳ್ಳಿಯವರಿಗೆ ಆಗುಂಬೆಯ ಹದಿನಾಲ್ಕು ತಿರುವುಗಳು, ಸೋಮೇಶ್ವರ, ಹೆಬ್ರಿ, ಉಡುಪಿ, ಕೊನೆಗೆ ಮಲ್ಪೆ. ಅಗಲವಾದ ಮರಳದಂಡೆಯ ಜೊತೆಗೆ, ದೋಣಿಯಲ್ಲಿ ಹೋಗಿ ಸೇಂಟ್ ಮೇರೀಸ್ ದ್ವೀಪದ ಕಂಬದಂಥ ಲಾವಾಶಿಲೆಗಳನ್ನು ನೋಡುವ ಅವಕಾಶವೂ ಉಂಟು. ಮಳೆಗಾಲದಲ್ಲಿ ಮಾತ್ರ ಆ ದೋಣಿಗಳು ಹೊರಡವು.

ಋತುವಿನ ಮಾತೂ ಮುಖ್ಯವೇ. ಜೂನ್ 1ರಿಂದ ಜುಲೈ 31ರವರೆಗೆ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುತ್ತದೆ. ಅದು ಮೀನು ಮರಿಮಾಡುವ ಕಾಲವೂ ಹೌದು, ಕಡಲು ಉಕ್ಕುವ ಕಾಲವೂ ಹೌದು. ಕಡಲನ್ನೇ ನಂಬಿ ಬದುಕುವವರು ದಡದಲ್ಲಿರುವಾಗ ಘಟ್ಟದ ಮೇಲಿನ ನಮಗೆ ಅಲ್ಲೇನು ಕೆಲಸ? ನವೆಂಬರಿನಿಂದ ಫೆಬ್ರವರಿಯವರೆಗಿನ ದಿನಗಳು ಹಿತಕರ.

ಹಾಗೆಂದು ಚಳಿಗಾಲದ ಕಡಲನ್ನು ಸಾಧುವೆಂದು ಬಗೆಯಬಾರದು. 2024ರ ಡಿಸೆಂಬರಿನಲ್ಲಿ ಶಾಲಾ ಪ್ರವಾಸಕ್ಕೆಂದು ಬಂದಿದ್ದ ಮುಳಬಾಗಿಲು ಕಡೆಯ ನಾಲ್ವರು ವಿದ್ಯಾರ್ಥಿನಿಯರು ಮುರುಡೇಶ್ವರದಲ್ಲಿ ನೀರುಪಾಲಾದರು. ಬಯಲುಸೀಮೆಯ ಮಕ್ಕಳಿಗೆ ನೀರಿನ ಪರಿಚಯವಿರಲಿಲ್ಲ, ನಮ್ಮವರು ಹೊಳೆಯಲ್ಲಿ ಈಜಿದವರು ಎಂದು ಮಲೆನಾಡಿಗರು ಸಮಾಧಾನಪಟ್ಟುಕೊಳ್ಳುವಂತಿಲ್ಲ. ತುಂಗೆಯಲ್ಲಿ ಕಲಿತ ಈಜು ಕಡಲಿನಲ್ಲಿ ಅರ್ಧ ವಿದ್ಯೆ. ಹೊಳೆಯ ಸೆಳವು ಒಂದೇ ದಿಕ್ಕಿಗೆ, ದಡವೂ ಎರಡು. ಕಡಲಿನಲ್ಲಿ ಅಲೆಗಳು ದಂಡೆಗೆ ತಂದೊಡ್ಡಿದ ನೀರು ಮರಳದಿಬ್ಬದ ಸಂದಿನಲ್ಲಿ ಕೂಡಿ, ಕಿರಿದಾದ ಕಾಲುವೆಯಂತೆ ರಭಸದಿಂದ ಹಿಂದಕ್ಕೆ ನುಗ್ಗುತ್ತದೆ. ಆ ಜಾಗದಲ್ಲಿ ಅಲೆ ಒಡೆಯುವುದು ಕಡಿಮೆ. ನೀರು ಶಾಂತವಾಗಿ ಕಾಣುತ್ತದೆ. ಹೊಸಬರು ಮಕ್ಕಳನ್ನು ಇಳಿಸಲು ಆರಿಸುವುದು ಅದೇ ಜಾಗವನ್ನು!

ಸೆಳವಿಗೆ ಸಿಕ್ಕಿದವರು ದಡದತ್ತ ನೇರವಾಗಿ ಈಜಿ ದಣಿಯಬಾರದು. ಕೈಯೆತ್ತಿ ಕೂಗಬೇಕು, ದಂಡೆಗೆ ಸಮಾನಾಂತರವಾಗಿ ಪಕ್ಕಕ್ಕೆ ಸರಿದು, ಸೆಳವು ಸಡಿಲಿದ ಮೇಲೆ ಅಲೆಗಳೊಡನೆ ಹಿಂದಿರುಗಬೇಕು. ದಡದಲ್ಲಿರುವವರು ತಾವೂ ಧುಮುಕದೆ ಹಗ್ಗವನ್ನೋ ತೇಲುವ ವಸ್ತುವನ್ನೋ ಎಸೆದು ಜೀವರಕ್ಷಕರನ್ನು ಕರೆಯಬೇಕು. ಅಳಿವೆಯ ಬಾಯಲ್ಲಂತೂ ಯಾವ ಕಾಲದಲ್ಲಿಯೂ ಇಳಿಯಲಾಗದು.

ಕಡೆಯದಾಗಿ ಹಿಂದಿರುಗುವ ಹೊತ್ತು. ಸೂರ್ಯಾಸ್ತವನ್ನು ಮರಳಿನ ಮೇಲೆಯೇ ನೋಡುತ್ತೇವೆಂದು ಹಟ ಹಿಡಿದರೆ ಘಟ್ಟವನ್ನು ಕತ್ತಲಲ್ಲಿ ಹತ್ತಬೇಕಾಗುತ್ತದೆ. ಬೆಳಗಿನ ಹೊತ್ತು ಕಡಲಿಗಿರಲಿ; ಸಂಜೆ ನಾಲ್ಕಕ್ಕೆ ಮೊದಲೇ ಹೊರಟುಬಿಡಿ. ತೀರ್ಥಹಳ್ಳಿಯವರಿಗೆ ಇದರಲ್ಲಿ ನಷ್ಟವೇನೂ ಇಲ್ಲ. ಆಕಾಶ ತಿಳಿಯಾಗಿದ್ದರೆ, ಬೆಳಗ್ಗೆ ಕಾಲು ತೊಳೆದ ಅದೇ ಕಡಲಿನಲ್ಲಿ ಸೂರ್ಯ ಮುಳುಗುವುದನ್ನು ಆಗುಂಬೆಯ ಕಟ್ಟೆಯ ಮೇಲೆ ನಿಂತು ನೋಡಬಹುದು. ಮಕ್ಕಳನ್ನೆಲ್ಲ ಒಮ್ಮೆ ಎಣಿಸಿಕೊಂಡು ಅಲ್ಲಿಂದ ಮುಂದೆ ಹೊರಟರೆ, ಮನೆ ಹತ್ತಿರವೇ.