ಮಕ್ಕಳು ಕೇಳಿದ ಬೀದಿ

1972ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಡಿ ಪೈಪ್ ಬಡಾವಣೆಯ ಮಕ್ಕಳು ಸಹಿ ಕೇಳಿಕೊಂಡು ನೆರೆಹೊರೆಯೆಲ್ಲ ಸುತ್ತಿದರು. ಹತ್ತೊಂಬತ್ತನೆಯ ಶತಮಾನದಲ್ಲಿ ದುಡಿಯುವವರಿಗೆಂದು ಒತ್ತೊತ್ತಾಗಿ ಕಟ್ಟಿದ ಬಡಾವಣೆ ಅದು. ಬೀದಿಗಳು ಕಿರಿದು, ಆ ಕಿರಿದು ಬೀದಿಯ ಎರಡೂ ಬದಿಗೆ ಕಾರುಗಳ ಸಾಲು. ನಮ್ಮ ಬೀದಿಗೆ ಕಾರು ಬಿಡಬೇಡಿ, ನಾವು ಆಡಬೇಕು ಎಂಬುದಷ್ಟೇ ಮಕ್ಕಳ ಬೇಡಿಕೆ. ಸಹಿಯ ಜೊತೆಗೆ ಬೀದಿಗೆ ಅಡ್ಡಗಟ್ಟೆಯನ್ನೂ ಇಟ್ಟರು. ಸಿಟ್ಟಿಗೆದ್ದ ಕಾರಿನವರು ಅದನ್ನು ಸರಿಸಿ ನುಗ್ಗಲು ನೋಡಿದರು. ಡಚ್ ಟಿವಿಗಾಗಿ ಅದೇ ವರ್ಷ ತಯಾರಾದ ಸಾಕ್ಷ್ಯಚಿತ್ರದಲ್ಲಿ ಆ ಜಟಾಪಟಿಯೂ ಇದೆ, ಮಕ್ಕಳ ಪಟ್ಟೂ ಇದೆ.

ಸೈಕಲ್ಲಿನ ನಾಡು ಎಂದು ಇಂದು ಎಲ್ಲರೂ ಕೊಂಡಾಡುವ ನೆದರ್‌ಲ್ಯಾಂಡ್ಸ್ ಆಗ ಬೇರೆಯೇ ಇತ್ತು. ಯುದ್ಧ ಮುಗಿದು ಕೈಯಲ್ಲಿ ಕಾಸು ಓಡಾಡಿತು, ಮನೆಮನೆಗೆ ಕಾರು ಬಂತು, ಕಾರಿಗಾಗಿ ರಸ್ತೆಗಳು ಅಗಲವಾಗುತ್ತಾ ಹೋದವು. 1971ರಲ್ಲಿ ಸುಮಾರು ಒಂದು ಕೋಟಿ ಮೂವತ್ತು ಲಕ್ಷ ಜನರ ಆ ದೇಶದ ರಸ್ತೆಗಳಲ್ಲಿ ಸತ್ತವರು ಸುಮಾರು 3,300 ಮಂದಿ. ಅವರಲ್ಲಿ 400ಕ್ಕೂ ಹೆಚ್ಚು ಮಕ್ಕಳು. ಮಗಳನ್ನು ಹೀಗೆಯೇ ಕಳೆದುಕೊಂಡಿದ್ದ ಪತ್ರಕರ್ತ ವಿಕ್ ಲಾಂಗೆನ್‌ಹಾಫ್ 1972ರಲ್ಲಿ 'ಡಿ ಟೈಡ್' ಪತ್ರಿಕೆಯಲ್ಲಿ ಬರೆದ ಲೇಖನದ ತಲೆಬರಹ: 'ಮಕ್ಕಳ ಕೊಲೆ ನಿಲ್ಲಿಸಿ'. ಅದೇ ಹೆಸರಿನಲ್ಲಿ ಸಂಘಟನೆಯೊಂದು ಹುಟ್ಟಿಕೊಂಡಿತು. ಅದರ ಮೊದಲ ಅಧ್ಯಕ್ಷೆ ಮಾರ್ಟ್ಯೆ ಫಾನ್ ಪುಟ್ಟೆನ್ ಮುಂದೆ ಯುರೋಪಿಯನ್ ಪಾರ್ಲಿಮೆಂಟಿನ ಸದಸ್ಯೆಯಾದರು. ಸಂಘಟನೆಯವರು ಅಪಘಾತ ನಡೆದ ಜಾಗಗಳಲ್ಲಿ ಧರಣಿ ಕೂತರು, ಸೈಕಲ್ ಮೆರವಣಿಗೆ ತೆಗೆದರು, ಬೀದಿ ಮುಚ್ಚಿ ನಡುರಸ್ತೆಯಲ್ಲೇ ಮೇಜು ಹಾಕಿ ಊಟಕ್ಕೆ ಕುಳಿತರು. ಪ್ರಧಾನಿ ಯೋಪ್ ಡೆನ್ ಔಲ್ ಅವರ ಮನೆಗೇ ಹೋಗಿ ಹಾಡು ಹೇಳಿ, ಮಕ್ಕಳಿಗೆ ಸುರಕ್ಷಿತ ಬೀದಿ ಕೊಡಿ ಎಂದರು.

ಈ ಚಳವಳಿಯಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಅವರ ಗಟ್ಟಿತನಕ್ಕಿಂತ ಅವರು ಕೇಳಿದ್ದು ಏನು ಎಂಬುದು. ಚಾಲಕರಿಗೆ ಬುದ್ಧಿ ಹೇಳಿ ಎಂದಷ್ಟೇ ಕೇಳಿ ಅವರು ಸುಮ್ಮನಾಗಲಿಲ್ಲ. ಬೀದಿಯ ಆಕಾರವನ್ನೇ ಬದಲಿಸಿ ಎಂದರು. ಅದು ಹೇಗೆಂಬುದನ್ನು ಡೆಲ್ಫ್ಟ್ ನಗರ ಆಗಲೇ ಮಾಡಿ ತೋರಿಸುತ್ತಿತ್ತು. ಅಲ್ಲಿ ಫುಟ್‌ಪಾತನ್ನೂ ರಸ್ತೆಯನ್ನೂ ಒಂದೇ ಮಟ್ಟಕ್ಕೆ ತಂದು, ದಾರಿಯನ್ನು ಸೊಟ್ಟಗಾಗಿಸಿ, ನಡುನಡುವೆ ಮರವನ್ನೋ ಬೆಂಚನ್ನೋ ಇಟ್ಟರು. ಅಂಥ ಬೀದಿಯಲ್ಲಿ ಕಾರು ನಡಿಗೆಯ ವೇಗದಲ್ಲಿ ಮಾತ್ರ ಸಾಗಬಲ್ಲದು. 'ವೂನ್‌ಎರ್ಫ್' ಎಂಬ ಈ ಬೀದಿಗೆ 1976ರಲ್ಲಿ ಕಾನೂನಿನ ಮಾನ್ಯತೆಯೂ ಸಿಕ್ಕಿತು. 80ರ ದಶಕದಲ್ಲಿ ಗಂಟೆಗೆ 30 ಕಿ.ಮೀ. ಮಿತಿಯ ವಲಯಗಳು ಬಂದವು.

ಮೂವತ್ತೇ ಏಕೆ? ಚಾಲಕನಿಗೆ ಎದುರಿನ ಮಗು ಕಂಡು, ಕಾಲು ಬ್ರೇಕಿಗೆ ಹೋಗಲು ಒಂದು ಸೆಕೆಂಡ್ ಬೇಕು ಎಂದುಕೊಳ್ಳೋಣ. 50 ಕಿ.ಮೀ. ವೇಗದ ಕಾರು ಆ ಒಂದು ಸೆಕೆಂಡಿನಲ್ಲಿ 14 ಮೀಟರ್ ಸಾಗಿಬಿಡುತ್ತದೆ. ಒಣ ರಸ್ತೆಯಲ್ಲಿ 30ರ ಕಾರು ಅಷ್ಟೇ ದೂರದೊಳಗೆ ಬ್ರೇಕ್ ಹಾಕಿ ಪೂರ್ತಿ ನಿಂತೂ ಆಗಿರುತ್ತದೆ. 14 ಮೀಟರ್ ಮುಂದೆ ಮಗುವೊಂದು ರಸ್ತೆಗಿಳಿದರೆ ಒಂದು ಕಾರು ಅದಕ್ಕೆ ತಾಗುವುದೇ ಇಲ್ಲ, ಇನ್ನೊಂದು ಒಂದಿಷ್ಟೂ ವೇಗ ಕಳೆದುಕೊಳ್ಳದೆ ಬಡಿಯುತ್ತದೆ. 2020ರ ಸ್ಟಾಕ್‌ಹೋಮ್ ಘೋಷಣೆ ಪಾದಚಾರಿಗಳೂ ವಾಹನಗಳೂ ಬೆರೆಯುವ ಕಡೆ 30ರ ಮಿತಿ ಇರಲಿ ಎಂದದ್ದರ ಹಿಂದೆ ಇರುವುದು ಇದೇ ಲೆಕ್ಕ.

ನಮ್ಮಲ್ಲಿ 2022ರ ಒಂದೇ ವರ್ಷ ರಸ್ತೆಯಲ್ಲಿ ಪ್ರಾಣ ಬಿಟ್ಟ ಪಾದಚಾರಿಗಳು 32,825. ಮಗುವೊಂದು ಸತ್ತ ಮೇಲೆ ಊರವರು ರಸ್ತೆ ತಡೆಯುತ್ತಾರೆ, ಅಧಿಕಾರಿಗಳು ಬರುತ್ತಾರೆ, ರಾತ್ರೋರಾತ್ರಿ ಒಂದು ಹಂಪ್ ಏಳುತ್ತದೆ. ಆ ದುಃಖದ ನಡುವೆ ಜನ ಕೈಗೆ ಸಿಕ್ಕಿದ್ದನ್ನು ಕೇಳುವುದು ಸಹಜ. ಆದರೆ ಸಿಗುವ ಹಂಪ್ ಎಂಥದ್ದು? ಇಂಡಿಯನ್ ರೋಡ್ಸ್ ಕಾಂಗ್ರೆಸ್ 1988ರಲ್ಲೇ ಅಳತೆ ಕೊಟ್ಟಿತ್ತು: 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ, ಸವಾರ ಸುಮಾರು 25 ಕಿ.ಮೀ. ವೇಗದಲ್ಲಿ ಏರಿಳಿಯುವಂಥ ಮೆಲ್ಲನೆಯ ಉಬ್ಬು. ನಮ್ಮ ಬೀದಿಗಳಲ್ಲಿ ಕಾಣುವ ಗೇಣುದ್ದದ ಡಾಂಬರು ದಿಂಡು ಇದಲ್ಲ. ಆ ದಿಂಡು ಆಂಬುಲೆನ್ಸಿನಲ್ಲಿರುವ ರೋಗಿಯ ಬೆನ್ನು ಮುರಿಯುತ್ತದೆ, ರಾತ್ರಿ ಬೈಕಿನವನನ್ನು ಕೆಡವುತ್ತದೆ. ಕೆಲವು ತಿಂಗಳಲ್ಲಿ ಸವಾರರ ದೂರು ಬಂದು ಅದನ್ನು ಕಿತ್ತುಹಾಕುತ್ತಾರೆ, ಶಾಲೆಯ ಮುಂದೆ ಮತ್ತೆ ಹಳೆಯ ವೇಗ.

ಹಾಗಾಗಿ ಮನವಿಪತ್ರದಲ್ಲಿ 'ಹಂಪ್ ಹಾಕಿಸಿಕೊಡಿ' ಎಂಬ ಒಂದೇ ಸಾಲು ಸಾಲದು. ಫುಟ್‌ಪಾತಿನ ಎತ್ತರಕ್ಕೇ ಏರಿಸಿದ ಝೀಬ್ರಾ ಕ್ರಾಸಿಂಗ್ ಕೇಳಬೇಕು. ಮಗು ರಸ್ತೆಗೆ ಇಳಿಯುವ ಬದಲು ವಾಹನವೇ ಮಗುವಿನ ಮಟ್ಟಕ್ಕೆ ಹತ್ತಿಬರಲಿ. ತಿರುವಿನಲ್ಲಿ ಫುಟ್‌ಪಾತನ್ನು ಮುಂದಕ್ಕೆ ಚಾಚಿ ದಾಟುವ ದೂರ ಕಡಿಮೆ ಮಾಡಿ ಎಂದು ಬರೆಯಬೇಕು. ರಸ್ತೆ ಅಗಲವಿದ್ದರೆ ನಡುವೆ ನಿಲ್ಲಲು ಒಂದು ದಿಬ್ಬ. ಗೇಟಿನ ಮುಂದಿನ ನೂಕುನುಗ್ಗಲಿನಲ್ಲಿ ಪೋಷಕರ ಸ್ಕೂಟರು, ಕಾರುಗಳ ಪಾಲು ದೊಡ್ಡದು. ನಾವು ದೂರದಲ್ಲೇ ನಿಲ್ಲಿಸಿ ಮಕ್ಕಳನ್ನು ನಡೆಸಿಕೊಂಡು ಬರುತ್ತೇವೆ ಎಂದು ಪೋಷಕರೇ ಬರೆದು ಸಹಿ ಮಾಡಿದರೆ ಆ ಮನವಿಯ ತೂಕವೇ ಬೇರೆ.

ಕಾನೂನೂ ಜೊತೆಗಿದೆ. ಕೇಂದ್ರ ಸರ್ಕಾರದ 2018ರ ಅಧಿಸೂಚನೆ ನಗರ ಮಿತಿಯ ರಸ್ತೆಗಳಲ್ಲಿ ಕಾರುಗಳಿಗೆ 70 ಕಿ.ಮೀ. ತನಕ ಬಿಟ್ಟಿದೆ. ಶಾಲೆಯ ಮುಂದೆ ಇದು ಭಯಂಕರ ಸಂಖ್ಯೆ. ಅದನ್ನು ಇಳಿಸುವ ಅಧಿಕಾರವನ್ನು ಮೋಟಾರು ವಾಹನ ಕಾಯ್ದೆಯ 112ನೇ ಸೆಕ್ಷನ್ ರಾಜ್ಯ ಸರ್ಕಾರಕ್ಕೂ ಅದು ನೇಮಿಸಿದ ಪ್ರಾಧಿಕಾರಕ್ಕೂ ಕೊಟ್ಟಿದೆ. ರಸ್ತೆಯ ವಿನ್ಯಾಸದಲ್ಲಿ ಮಾನದಂಡ ಮುರಿದು ಅದರಿಂದ ಸಾವು ಸಂಭವಿಸಿದರೆ ಹೊಣೆಗಾರರಿಗೆ ಒಂದು ಲಕ್ಷ ರೂಪಾಯಿವರೆಗೆ ದಂಡ ಎನ್ನುತ್ತದೆ 2019ರಲ್ಲಿ ಸೇರಿದ 198ಎ ಸೆಕ್ಷನ್. ಒಬ್ಬರ ಅರ್ಜಿಯಿಂದ ಏನಾದೀತು ಎನ್ನುವವರು ಕೊಯಮತ್ತೂರಿನ ಮೂಳೆ ತಜ್ಞ ಡಾ. ಎಸ್. ರಾಜಶೇಖರನ್ ಅವರನ್ನು ನೆನೆಯಬೇಕು. ರಸ್ತೆ ಸುರಕ್ಷತೆಗಾಗಿ ಅವರು 2012ರಲ್ಲಿ ಸುಪ್ರೀಂ ಕೋರ್ಟಿಗೆ ಅರ್ಜಿ ಹಾಕಿದರು, 2014ರಲ್ಲಿ ನ್ಯಾಯಮೂರ್ತಿ ಕೆ.ಎಸ್. ರಾಧಾಕೃಷ್ಣನ್ ಸಮಿತಿ ನೇಮಕವಾಯಿತು.

ಮನವಿ ಸೋಲುವುದು ಹೆಚ್ಚಾಗಿ ವಿಳಾಸದಲ್ಲಿ. ನಮ್ಮ ಎಷ್ಟೋ ಸರ್ಕಾರಿ ಶಾಲೆಗಳು ಹೆದ್ದಾರಿಯ ಮಗ್ಗುಲಲ್ಲೇ ಇವೆ. ಅಂಥ ರಸ್ತೆಗೆ ಪುರಸಭೆ ಕೈ ಹಾಕುವಂತಿಲ್ಲ. ರಾಜ್ಯ ಹೆದ್ದಾರಿಯಾದರೆ ಲೋಕೋಪಯೋಗಿ ಇಲಾಖೆಗೆ, ರಾಷ್ಟ್ರೀಯ ಹೆದ್ದಾರಿಯಾದರೆ ಅದರ ಪ್ರಾಧಿಕಾರಕ್ಕೆ ಹೋಗಬೇಕು. ಬೆಂಗಳೂರಿನಲ್ಲಿ 2025ರಿಂದ ಬಿಬಿಎಂಪಿಯ ಜಾಗದಲ್ಲಿ ಐದು ನಗರ ಪಾಲಿಕೆಗಳಿರುವುದರಿಂದ ತಮ್ಮ ರಸ್ತೆ ಯಾರದ್ದೆಂದು ಮೊದಲೇ ಖಚಿತಪಡಿಸಿಕೊಳ್ಳುವುದು ಕ್ಷೇಮ. ಒಂದು ಪ್ರತಿ ಸಂಚಾರ ಪೊಲೀಸರಿಗೂ ಸಲ್ಲಬೇಕು. ಟಪಾಲು ವಿಭಾಗದ ಮೊಹರು ಬಿದ್ದ ಸ್ವೀಕೃತಿ ಪ್ರತಿ ಕೈಯಲ್ಲಿರಲಿ. ಮುಂದೆ ಮಾಹಿತಿ ಹಕ್ಕಿನಡಿ ಕಡತದ ಸ್ಥಿತಿ ಕೇಳಲು ಅದೇ ಆಧಾರ.

ಮನವಿಗೆ ಲಗತ್ತಿಸಲು ಶಾಲೆಯ ಮಕ್ಕಳೇ ಸಾಕ್ಷ್ಯ ಒದಗಿಸಬಲ್ಲರು. ಶಿಕ್ಷಕರೊಬ್ಬರು ಜೊತೆಗಿದ್ದು, ಕಾಂಪೌಂಡ್ ಗೋಡೆಯ ಮೇಲೆ 50 ಮೀಟರ್ ಅಂತರದಲ್ಲಿ ಎರಡು ಗುರುತು ಹಾಕಿ, ಗೋಡೆಯ ಒಳಗಿನಿಂದಲೇ ಮೊಬೈಲಿನ ಸ್ಟಾಪ್‌ವಾಚ್ ಒತ್ತಿದರೆ ಸಾಕು. ಆ ದೂರವನ್ನು ವಾಹನ 6 ಸೆಕೆಂಡಿನಲ್ಲಿ ದಾಟಿದರೆ ವೇಗ 30 ಕಿ.ಮೀ., 3.6 ಸೆಕೆಂಡಿನಲ್ಲಿ ದಾಟಿದರೆ 50. ಎಂಟನೇ ತರಗತಿಯ ಗಣಿತಕ್ಕೆ ಇದಕ್ಕಿಂತ ಒಳ್ಳೆಯ ಪಾಠ ನನಗೆ ತೋಚುತ್ತಿಲ್ಲ. ಬೆಳಿಗ್ಗೆ ಬೆಲ್ ಹೊಡೆಯುವ ಮುನ್ನ ಮತ್ತು ಸಂಜೆ ಶಾಲೆ ಬಿಡುವ ಹೊತ್ತಿಗೆ ಬರೆದುಕೊಂಡ ಆ ಅಂಕಿಗಳನ್ನು ಯಾವ ಎಂಜಿನಿಯರೂ ಸುಲಭವಾಗಿ ತಳ್ಳಿಹಾಕಲಾರ.

ಇನ್ನು ಸಮಯದ ಮಾತು. ಜೂನ್‌ನಲ್ಲಿ ಶಾಲೆ ಶುರುವಾದ ಮೇಲೆ ಅರ್ಜಿ ಹಿಡಿದು ಹೋದರೆ 'ಈ ವರ್ಷದ ಅನುದಾನ ಹಂಚಿಕೆಯಾಗಿದೆ' ಎಂಬ ಉತ್ತರ ಬರುವುದೇ ಹೆಚ್ಚು. ಬಜೆಟ್ ತಯಾರಿ ನಡೆಯುವ ಡಿಸೆಂಬರ್, ಜನವರಿಯಲ್ಲಿ ಹೋಗಬೇಕು. ಆ ರಸ್ತೆಗೆ ಹೊಸದಾಗಿ ಡಾಂಬರು ಹಾಕುವ ಸುದ್ದಿ ಇದ್ದರಂತೂ ಅಂದಾಜು ಪಟ್ಟಿ ಸಿದ್ಧವಾಗುವ ಮೊದಲೇ ಎಂಜಿನಿಯರನ್ನು ಕಾಣಬೇಕು. ಏರಿಸಿದ ಕ್ರಾಸಿಂಗ್ ಅದೇ ಪಟ್ಟಿಯಲ್ಲಿ ಸೇರಿಕೊಂಡರೆ ಅದಕ್ಕೆಂದು ಪ್ರತ್ಯೇಕ ಟೆಂಡರ್ ಬೇಕಾಗುವುದಿಲ್ಲ.