ಮಕ್ಕಳ ಅರೆತಲೆನೋವು: ತಂದೆತಾಯಿಗಳು ತಿಳಿಯಬೇಕಾದ ಕೆಲವು ವಿಷಯಗಳು

"ತಲೆನೋವು ದೊಡ್ಡವರಿಗೆ ಬರುವ ಕಾಯಿಲೆ, ಆಡುವ ಮಕ್ಕಳಿಗೆಲ್ಲಿಯ ತಲೆನೋವು?" ಎಂಬ ಮಾತನ್ನು ನಮ್ಮ ಮನೆಗಳಲ್ಲಿ ಈಗಲೂ ಕೇಳುತ್ತೇವೆ. ಶಾಲೆಗೆ ಹೊರಡುವ ಹೊತ್ತಿಗೆ ಮಗು ಹಣೆ ಹಿಡಿದುಕೊಂಡು ಕುಳಿತರಂತೂ ಅದು ಶಾಲೆ ತಪ್ಪಿಸಲು ಹೂಡಿದ ಉಪಾಯವೆಂದೇ ಹಿರಿಯರು ತೀರ್ಮಾನಿಸುತ್ತಾರೆ. ಮುಂಬಯಿಯಲ್ಲಿ ಹಲವು ವರ್ಷ ಮಕ್ಕಳ ವೈದ್ಯನಾಗಿ ದುಡಿದ ನಾನೂ ಒಮ್ಮೆ ಇದೇ ತಪ್ಪು ಮಾಡಿದವನು. ಅದೂ ನನ್ನ ಮನೆಯಲ್ಲಿಯೇ.

ನನ್ನ ಮಗಳು ಆಗ ಒಂಬತ್ತು ವರ್ಷದವಳು. ಬೆಳಗಿನ ಪಾಳಿಯ ಶಾಲೆ. ಐದೂವರೆಗೆ ಎದ್ದು, ಅರ್ಧ ಲೋಟ ಹಾಲು ಕುಡಿದು ಓಡುತ್ತಿದ್ದಳು. ತಿಂಗಳಿಗೆ ಮೂರು ನಾಲ್ಕು ಸಲ ಮಧ್ಯಾಹ್ನ ಬಿಳಿಚಿದ ಮುಖದಿಂದ ಮರಳಿ, ಊಟ ಬೇಡವೆಂದು ಮಲಗಿಬಿಡುತ್ತಿದ್ದಳು. ಗಣಿತದ ಪರೀಕ್ಷೆಯ ಹಿಂದಿನ ದಿನ ಹೀಗಾದಾಗ ನಾನು ಗದರಿಸಿದೆ. ಅವಳು ಅಳಲಿಲ್ಲ. "ಅಪ್ಪಾ, ಲೈಟ್ ಬಂದ್ ಮಾಡು" ಎಂದಷ್ಟೇ ಹೇಳಿ ಗೋಡೆಯ ಕಡೆಗೆ ಹೊರಳಿದಳು. ಧಾರವಾಡದಿಂದ ಬಂದಿದ್ದ ನನ್ನ ತಾಯಿ ಆಗ ಹೇಳಿದ ಮಾತು ಇಂದಿಗೂ ನೆನಪಿದೆ: "ಆ ಕೂಸಿಗೆ ಯಾಕ ಬೈತಿ? ನೀ ಸಣ್ಣಾಂವ ಇದ್ದಾಗ ನಿನಗೂ ಹಿಂಗ ಆಗತಿತ್ತು. ಬಸ್ಸಿನ್ಯಾಗ ಕುಂತರ ವಾಂತಿ, ಬಿಸಲಾಗ ಆಡಿ ಬಂದರ ತಲಿಶೂಲಿ. ಮರತಿ ಏನು?"

ನಿಜವಾಗಿಯೂ ಮರೆತಿದ್ದೆ. ಅನ್ಯರ ಮಕ್ಕಳ ಬಗ್ಗೆ ಕೇಳುವ ಪ್ರಶ್ನೆಗಳನ್ನು ನನ್ನ ಮಗಳ ಬಗ್ಗೆ ನಾನು ಕೇಳಿರಲಿಲ್ಲ.

ರೋಗದ ಸ್ವರೂಪ

ಅರೆತಲೆನೋವು ಹೊಸ ಕಾಯಿಲೆಯೇನಲ್ಲ. ಸುಶ್ರುತ ಸಂಹಿತೆಯ ಉತ್ತರತಂತ್ರದಲ್ಲಿ ಎಣಿಸಲಾದ ಹನ್ನೊಂದು ಶಿರೋರೋಗಗಳಲ್ಲಿ 'ಅರ್ಧಾವಭೇದಕ'ವೂ ಒಂದು. 'ಮೈಗ್ರೇನ್' ಎಂಬ ಹೆಸರು ಕೂಡ 'ಅರ್ಧ ತಲೆ' ಎಂಬರ್ಥದ ಗ್ರೀಕ್ ಪದದಿಂದಲೇ ಹುಟ್ಟಿದೆ. ಆದರೆ ಈ ಹೆಸರೇ ಮಕ್ಕಳ ವಿಷಯದಲ್ಲಿ ದಾರಿ ತಪ್ಪಿಸುತ್ತದೆ. ದೊಡ್ಡವರಿಗೆ ಸಾಮಾನ್ಯವಾಗಿ ಒಂದು ಪಕ್ಕದಲ್ಲಿ ಬರುವ ನೋವು ಮಕ್ಕಳಿಗೆ ಅನೇಕ ವೇಳೆ ಎರಡೂ ಪಕ್ಕಗಳಲ್ಲಿ, ಹಣೆಯ ಉದ್ದಕ್ಕೂ ಬರುತ್ತದೆ. ದೊಡ್ಡವರಲ್ಲಿ 4ರಿಂದ 72 ಗಂಟೆಗಳವರೆಗೆ ಇರುವ ನೋವು ಮಕ್ಕಳಲ್ಲಿ ಎರಡೇ ಗಂಟೆಗಳಲ್ಲಿ ಮುಗಿಯಬಹುದು. ಸಂಜೆ ಮಗು ಎದ್ದು ಆಡತೊಡಗಿದಾಗ "ಮಧ್ಯಾಹ್ನ ಮಾಡಿದ್ದು ನಾಟಕ" ಎಂದು ನಮಗೆ ತೋರುವುದು ಇದರಿಂದಲೇ.

ಮುಖ ಬಿಳಿಚುವುದು, ಹೊಟ್ಟೆ ತೊಳಸುವುದು ಅಥವಾ ವಾಂತಿ, ಬೆಳಕು ಮತ್ತು ಸದ್ದು ಸಹಿಸದಿರುವುದು, ನಡೆದಾಡಿದರೆ ನೋವು ಹೆಚ್ಚುವುದು, ನಿದ್ರೆ ಮಾಡಿ ಎದ್ದಾಗ ಗೆಲುವಾಗುವುದು ಇವು ಮುಖ್ಯ ಲಕ್ಷಣಗಳು. ಚಿಕ್ಕ ಮಕ್ಕಳು ಇದನ್ನೆಲ್ಲ ಬಾಯಿಬಿಟ್ಟು ಹೇಳಲಾರರು. ಮೆಚ್ಚಿನ ಟಿ.ವಿ. ಕಾರ್ಯಕ್ರಮವನ್ನೂ ಬಿಟ್ಟು ಕತ್ತಲೆಯ ಮೂಲೆ ಹುಡುಕುವ ಮಗುವಿನ ನಡತೆಯೇ ಸಾಕ್ಷಿ. ಕೆಲವರಿಗೆ ನೋವಿಗೆ ಮುನ್ನ ಕಣ್ಣೆದುರು ಹೊಳೆಯುವ ಅಂಕುಡೊಂಕು ಗೆರೆಗಳು ಕಾಣುತ್ತವೆ. ಇನ್ನು ಕೆಲವರಿಗೆ ತಲೆಯ ಬದಲು ಹೊಕ್ಕಳ ಸುತ್ತ ನೋವು ಮರುಕಳಿಸುತ್ತಿದ್ದು, ಮುಂದೆ ಅದೇ ತಲೆನೋವಾಗಿ ಪರಿಣಮಿಸುವುದುಂಟು. ಊರಿಗೆ ಹೋಗುವಾಗ ಘಟ್ಟದ ತಿರುವುಗಳಲ್ಲಿ ತಪ್ಪದೆ ವಾಂತಿ ಮಾಡಿಕೊಳ್ಳುವ ಮಕ್ಕಳಲ್ಲಿಯೂ ಈ ಪ್ರವೃತ್ತಿ ಹೆಚ್ಚು.

ಕಾರಣ ಮತ್ತು ಪ್ರಚೋದನೆ

ತಲೆಯ ರಕ್ತನಾಳಗಳು ಹಿಗ್ಗುವುದೇ ಇದರ ಮೂಲವೆಂದು ಹಿಂದಿನ ಪುಸ್ತಕಗಳು ಹೇಳುತ್ತಿದ್ದವು. ಇದು ಮುಖ್ಯವಾಗಿ ಮಿದುಳಿನ ಹಾಗೂ ಮುಖ-ತಲೆಗಳ ಸಂವೇದನೆಯನ್ನು ಒಯ್ಯುವ ನರದ ತೊಂದರೆಯೆಂದು ಈಗ ತಿಳಿದಿದೆ. ಇಂಥ ಮಗುವಿನ ಮಿದುಳು ಬದಲಾವಣೆಗಳಿಗೆ ಬೇಗನೆ ಸ್ಪಂದಿಸುತ್ತದೆ. ಈ ಸ್ವಭಾವ ಅನುವಂಶಿಕವಾಗಿ ಬರುವುದರಿಂದ ಅಜ್ಜಿಯರ ನೆನಪು ವೈದ್ಯನಿಗೆ ಬಹು ಉಪಯುಕ್ತ. ಪ್ರಾಯಕ್ಕೆ ಬರುವ ಮೊದಲು ಹುಡುಗ ಹುಡುಗಿಯರಿಬ್ಬರಲ್ಲೂ ಇದು ಸರಿಸುಮಾರು ಸಮ; ಆನಂತರ ಹುಡುಗಿಯರಲ್ಲಿ ಹೆಚ್ಚು.

ನಗರ ಜೀವನ ರೋಗವನ್ನು ಹುಟ್ಟಿಸುವುದಿಲ್ಲ, ಪ್ರಚೋದಿಸುತ್ತದೆ. ತಂದೆ ಲೋಕಲ್ ಹಿಡಿದು ಮನೆ ಸೇರುವಾಗ ರಾತ್ರಿ ಒಂಬತ್ತಾಗುತ್ತದೆ, ಊಟ ಹತ್ತಕ್ಕೆ, ಮಗು ಮಲಗುವುದು ಹನ್ನೊಂದಕ್ಕೆ, ಏಳುವುದು ಐದೂವರೆಗೆ. ಆರರಿಂದ ಹನ್ನೆರಡು ವಯಸ್ಸಿನ ಮಕ್ಕಳಿಗೆ 9ರಿಂದ 12 ಗಂಟೆಗಳ ನಿದ್ರೆ ಬೇಕು. ಖಾಲಿ ಹೊಟ್ಟೆ ಎರಡನೆಯ ಶತ್ರು. ಮೂರನೆಯದನ್ನು ನಾವು ಗಮನಿಸುವುದೇ ಇಲ್ಲ: ಶಾಲೆಯ ಶೌಚಾಲಯ ಕೊಳಕಾಗಿರುವುದರಿಂದ ಅನೇಕ ಹುಡುಗಿಯರು ದಿನವಿಡೀ ನೀರು ಕುಡಿಯುವುದಿಲ್ಲ. ನನ್ನ ಮಗಳ ನೀರಿನ ಬಾಟಲಿ ಪ್ರತಿದಿನ ತುಂಬಿದ್ದಂತೆಯೇ ಮನೆಗೆ ಬರುತ್ತಿತ್ತೆಂದು ವಿಚಾರಿಸಿದ ಮೇಲೆ ತಿಳಿಯಿತು. ಇವುಗಳ ಜೊತೆಗೆ ಬಿಸಿಲು, ಸೆಖೆ, ಪರೀಕ್ಷೆಯ ಆತಂಕಗಳೂ ಸೇರುತ್ತವೆ.

ಒಂದು ನೋಟುಬುಕ್ಕಿನಲ್ಲಿ ನೋವು ಬಂದ ದಿನ, ವೇಳೆ, ಹಿಂದಿನ ರಾತ್ರಿಯ ನಿದ್ರೆ, ತಿಂಡಿ, ಕೊಟ್ಟ ಔಷಧಿ ಇವನ್ನು ಎರಡು ತಿಂಗಳು ಬರೆದಿಡಿ. ಯಾರೋ ಹೇಳಿದರೆಂದು ಚಾಕೊಲೇಟು, ಚೀಸು, ಮೊಸರು ಎಲ್ಲವನ್ನೂ ನಿಲ್ಲಿಸಬೇಡಿ. ಬರಹದಲ್ಲಿ ಒಂದು ಪದಾರ್ಥ ಮತ್ತೆ ಮತ್ತೆ ಕಂಡರೆ ಮಾತ್ರ ಅದನ್ನು ಬಿಡಿಸಿ ನೋಡಿ. ಕಣ್ಣಿನ ಪರೀಕ್ಷೆ ಮಾಡಿಸಬಹುದು. ಆದರೆ ಕನ್ನಡಕ ಬಂದ ಮಾತ್ರಕ್ಕೆ ಅರೆತಲೆನೋವು ಹೋಗುವುದೆಂಬ ಭರವಸೆಯಿಲ್ಲ. 'ಸೈನಸ್' ಎಂದು ಹೆಸರಿಟ್ಟು ವರ್ಷಗಟ್ಟಲೆ ಮದ್ದು ಕೊಟ್ಟದ್ದು ಎಷ್ಟೋ ಸಲ ಅರೆತಲೆನೋವೇ ಆಗಿರುತ್ತದೆ.

ನೋವು ಬಂದಾಗ

ಮಗುವನ್ನು ಕತ್ತಲೆಯ, ಸದ್ದಿಲ್ಲದ ಕಡೆ ಮಲಗಿಸಿ, ಹಣೆಗೆ ತಣ್ಣೀರಿನ ಬಟ್ಟೆ ಹಾಕಿ, ಗುಟುಕು ಗುಟುಕಾಗಿ ನೀರು ಕೊಡಿ. ಒಂದೇ ಕೋಣೆಯ ಮನೆಯಾದರೆ ಪರದೆ ಎಳೆದು ಟಿ.ವಿ. ನಿಲ್ಲಿಸಿದರೂ ಸಾಕು. ಅಮೃತಾಂಜನ 1893ರಲ್ಲಿ ನಮ್ಮ ಈ ಮುಂಬಯಿಯಲ್ಲಿಯೇ ಹುಟ್ಟಿದ್ದು. ಅದನ್ನು ಸವರುವ ರೂಢಿ ನಮ್ಮಲ್ಲಿ ಬಲವಾಗಿದೆ. ಹಿತವೆನಿಸಿದರೆ ಹಚ್ಚಬಹುದು. ಆದರೆ ನೋವಿನ ವೇಳೆ ಕೆಲವು ಮಕ್ಕಳಿಗೆ ಯಾವ ಘಾಟು ವಾಸನೆಯೂ ಆಗದು, ಒತ್ತಾಯ ಬೇಡ.

ಔಷಧಿಯನ್ನು ನೋವಿನ ಆರಂಭದಲ್ಲಿಯೇ ಕೊಡಬೇಕು. "ತಾನಾಗಿ ಹೋಗಬಹುದು" ಎಂದು ಕಾದರೆ ಅದರ ಬಲ ಕುಗ್ಗುತ್ತದೆ. ಐಬುಪ್ರೊಫೆನ್ ಕಿಲೋ ತೂಕಕ್ಕೆ 10 ಮಿಲಿಗ್ರಾಂ ಅಥವಾ ಪ್ಯಾರಾಸಿಟಮಾಲ್ 15 ಮಿಲಿಗ್ರಾಂ ಸಾಮಾನ್ಯ ಪ್ರಮಾಣ. ನಿಮ್ಮ ಮಗುವಿನ ತೂಕಕ್ಕೆ ಎಷ್ಟೆಂಬುದನ್ನು ವೈದ್ಯರಿಂದ ಬರೆಸಿಕೊಂಡಿರಿ. ಜ್ವರವಿದ್ದು ಡೆಂಗ್ಯೂ ಶಂಕೆಯಿದ್ದರೆ ಐಬುಪ್ರೊಫೆನ್ ಕೂಡದು. ಅಂಗಡಿಯಲ್ಲಿ ಸಿಗುವ ಕೆಲವು ತಲೆನೋವಿನ ಮಾತ್ರೆಗಳಲ್ಲಿ ಆಸ್ಪಿರಿನ್ ಇರುತ್ತದೆ; ಹದಿನಾರರ ಒಳಗಿನವರಿಗೆ ಅದು ಬೇಡ. ನೋವಿನ ಮಾತ್ರೆ ವಾರಕ್ಕೆ ಎರಡು ದಿನ ಮೀರದಿರಲಿ. ತಿಂಗಳಲ್ಲಿ 15 ದಿನ ಅಥವಾ ಅದಕ್ಕೂ ಹೆಚ್ಚು ಮಾತ್ರೆ ನುಂಗುತ್ತ ಹೋದರೆ, ಆ ಮಾತ್ರೆಯೇ ತಲೆನೋವಿಗೆ ಕಾರಣವಾಗಬಹುದು.

ನೋವು ಬರದಂತೆ ತಡೆಯಲು ದಿನವೂ ಕೊಡುವ ಔಷಧಿಗಳಿವೆ. ಆದರೆ 2017ರಲ್ಲಿ ಪ್ರಕಟವಾದ ಅಮೆರಿಕದ ದೊಡ್ಡ ಪ್ರಯೋಗವೊಂದರಲ್ಲಿ ಅಂಥ ಎರಡು ಹೆಸರಾಂತ ಔಷಧಿಗಳು ಹುಸಿಮಾತ್ರೆಗಿಂತ ಮೇಲೆನಿಸಲಿಲ್ಲ. ಮೂರೂ ಗುಂಪುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಕ್ಕಳು ಸುಧಾರಿಸಿದ್ದರು. 2013ರಲ್ಲಿ 135 ಮಕ್ಕಳ ಮೇಲೆ ನಡೆದ ಇನ್ನೊಂದು ಪ್ರಯೋಗದಲ್ಲಿ, ಔಷಧಿಯ ಜೊತೆಗೆ ನೋವನ್ನು ಎದುರಿಸುವ ಮನಸ್ಸಿನ ತರಬೇತಿ ಪಡೆದವರಿಗೆ, ಔಷಧಿ ಮತ್ತು ರೋಗದ ತಿಳಿವಳಿಕೆ ಮಾತ್ರ ಪಡೆದವರಿಗಿಂತ ಹೆಚ್ಚು ಗುಣ ಕಂಡಿತು. ನಿಧಾನವಾದ ಉಸಿರಾಟ, ಮೈ ಸಡಿಲಿಸುವ ಅಭ್ಯಾಸಗಳನ್ನು ಮನೆಯಲ್ಲಿಯೂ ಕಲಿಸಬಹುದು.

ತಡಮಾಡದೆ ವೈದ್ಯರಲ್ಲಿಗೆ

ನಿದ್ರೆಯಿಂದ ಎಬ್ಬಿಸುವ ನೋವು, ಬೆಳಿಗ್ಗೆ ಏಳುತ್ತಲೇ ವಾಂತಿ, ದಿನದಿಂದ ದಿನಕ್ಕೆ ಏರುವ ನೋವು, ಹಠಾತ್ತನೆ ಸಿಡಿಯುವ ಅತಿ ತೀವ್ರ ನೋವು, ನಡಿಗೆಯಲ್ಲಿ ಓಲಾಟ, ಎರಡೆರಡಾಗಿ ಕಾಣುವುದು, ನಡತೆಯಲ್ಲಿ ಬದಲಾವಣೆ, ತಲೆಗೆ ಪೆಟ್ಟು, ಜ್ವರದೊಡನೆ ಬಿಗಿದ ಕತ್ತು, ಸೆಳವು ಇವುಗಳಲ್ಲಿ ಯಾವುದಿದ್ದರೂ ಕಾಯಬಾರದು. ಕ್ಷಯದ ಮಿದುಳು ಪೊರೆಯ ಉರಿಯೂತ, ಮಿದುಳಿನಲ್ಲಿ ಲಾಡಿಹುಳುವಿನ ಗುಳ್ಳೆ ಇವು ನಮ್ಮ ದೇಶದಲ್ಲಿ ಅಪರೂಪವಲ್ಲ. ಐದು ವರ್ಷಕ್ಕಿಂತ ಚಿಕ್ಕ ಮಗುವಿನ ತಲೆನೋವನ್ನೂ ವೈದ್ಯರು ನೋಡಲೇಬೇಕು. ಈ ಚಿಹ್ನೆಗಳಿಲ್ಲದೆ, ನಡುನಡುವೆ ಮಗು ಪೂರ್ತಿ ಗೆಲುವಾಗಿದ್ದರೆ ಸಾಮಾನ್ಯವಾಗಿ ತಲೆಯ ಸ್ಕ್ಯಾನ್ ಬೇಕಾಗುವುದಿಲ್ಲ.

ಮನೆ ಮತ್ತು ಶಾಲೆ

ತರಗತಿಯಲ್ಲಿ ನೀರು ಕುಡಿಯಲು, ನೋವು ಬಂದೊಡನೆ ಔಷಧಿ ತೆಗೆದುಕೊಂಡು ಅರ್ಧ ಗಂಟೆ ಮಲಗಲು ಅನುಮತಿ ಕೋರಿ, ವೈದ್ಯರ ಚೀಟಿಯೊಡನೆ ಶಿಕ್ಷಕರಿಗೆ ಪತ್ರ ಕೊಡಿ. ನೋವು ಇಳಿದ ಮೇಲೆ ಮಗು ತರಗತಿಗೆ ಮರಳಲಿ. ಪ್ರತಿದಿನ ಬೆಳಿಗ್ಗೆ "ಇವತ್ತು ತಲೆ ನೋಯುತ್ತಿದೆಯೇ?" ಎಂದು ಕೇಳಬಾರದು, ಅದು ಇಲ್ಲದ ಅಂಜಿಕೆಯನ್ನು ಬೆಳೆಸುತ್ತದೆ. ಮಗು ಹೇಳಿದಾಗ ನಂಬಬೇಕು, ಹೇಳದಿದ್ದಾಗ ಕೆದಕಬಾರದು.

ಮುಂದೇನು? ಸ್ವೀಡನ್ನಿನ ಉಪ್ಸಲಾದಲ್ಲಿ ಬಿಲ್ಲೆ ಎಂಬ ಮಕ್ಕಳ ವೈದ್ಯರು ಸುಮಾರು 9000 ಶಾಲಾ ಮಕ್ಕಳನ್ನು ಪರಿಶೀಲಿಸಿ 1962ರಲ್ಲಿ ವರದಿ ಪ್ರಕಟಿಸಿದರು. ಅವರಲ್ಲಿ ತೀವ್ರ ಅರೆತಲೆನೋವಿದ್ದ 73 ಮಂದಿಯನ್ನು 40 ವರ್ಷಗಳ ಕಾಲ ಗಮನಿಸುತ್ತ ಬಂದರು. ಯೌವನದಲ್ಲಿ ಅನೇಕರಿಗೆ ನೋವು ಬಿಟ್ಟಿತ್ತು. ಆದರೆ ಐವತ್ತರ ಸಮೀಪದಲ್ಲಿ ಅರ್ಧಕ್ಕಿಂತ ಹೆಚ್ಚು ಜನರಿಗೆ ಅದು ಇನ್ನೂ ಇತ್ತು. ಆದ್ದರಿಂದ "ದೊಡ್ಡವಳಾದ ಮೇಲೆ ಹೋಗುತ್ತದೆ" ಎಂದು ಖಂಡಿತವಾಗಿ ಹೇಳಲಾಗದು. ನೋವಿನೊಡನೆ ಬಾಳುವ ಕ್ರಮವನ್ನು ಮಗುವಿಗೆ ಕಲಿಸುವುದೇ ಹೆಚ್ಚು ಉಪಕಾರ.

ನಮ್ಮ ಮನೆಯಲ್ಲಿ ರಾತ್ರಿಯ ಊಟ ಎಂಟು ಗಂಟೆಗೆ ಬಂತು. ನಾನು ತಡವಾಗಿ ಬಂದ ದಿನ ಒಬ್ಬನೇ ಉಣ್ಣತೊಡಗಿದೆ. ಮಗಳು ಒಂಬತ್ತಕ್ಕೆ ಮಲಗಿದಳು; ಬೆಳಿಗ್ಗೆ ಹಾಲಿನೊಡನೆ ಒಂದು ಚಪಾತಿಯೋ ಎರಡು ಇಡ್ಲಿಯೋ ತಿಂದು ಹೊರಟಳು. ಆರು ತಿಂಗಳಲ್ಲಿ ತಿಂಗಳಿಗೆ ನಾಲ್ಕು ಸಲದ ನೋವು ಒಂದಕ್ಕೆ ಇಳಿಯಿತು. ಪೂರ್ತಿ ಹೋಗಲಿಲ್ಲ. ಇಂದು ಅವಳೂ ತಾಯಿ. ತನ್ನ ಏಳು ವರ್ಷದ ಮಗ ಹಣೆ ಹಿಡಿದುಕೊಂಡು ಬಂದರೆ ಮೊದಲು ಕಿಟಕಿಯ ಪರದೆ ಎಳೆಯುತ್ತಾಳೆ. ಪ್ರಶ್ನೆಗಳನ್ನು ಆಮೇಲೆ ಕೇಳುತ್ತಾಳೆ.